ಅದಕ್ಕೂ ಮೊದಲು ಎಲ್ಲಿಯವರು?

ಪ್ಲೈವುಡ್ ಹಲಗೆ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಆರು ಸ್ಕ್ರೂ. 2013ರ ಸೆಪ್ಟೆಂಬರ್ ತಿಂಗಳ ಎರಡನೇ ಭಾನುವಾರ ಜೂಲಿಯಾನಾ ಸಿದ್ದಿ ಕೆಲಸಕ್ಕೆ ಬಂದಾಗ ಅದು ಅವಳ ದೋಸೆ ಕಾವಲಿಗೂ ಗಿರಾಕಿಗಳ ಕಡೆಯ ಗಾಜಿಗೂ ನಡುವೆ ನಿಂತಿತ್ತು. ಕೆಳಗೆ ನಾಲ್ಕು ಇಂಚಿನ ಸಂದು ಬಿಟ್ಟಿದ್ದರು. ದೋಸೆ ದಾಟಲು ಅಷ್ಟು ಸಾಕು. ಮುಖ ದಾಟಲು ಸಾಲದು.

ಬಹ್ರೇನ್‌ನ ಸೀಫ್ ಬಡಾವಣೆಯ ಒಂದು ಮಾಲ್‌ನ ಮೂರನೇ ಮಹಡಿಯ ಫುಡ್ ಕೋರ್ಟ್ ಅದು. ಹನ್ನೊಂದು ಅಂಗಡಿ. ಐದನೆಯದರ ಬೋರ್ಡಿನಲ್ಲಿ ‘ಉಡುಪಿ’ ಎಂದಿತ್ತು. ಮಾಲೀಕ ಹರಿನಾಥ ಹುಟ್ಟಿದ್ದು ಕುಮಟಾದಲ್ಲಿ. ಉಡುಪಿಗೆ ಅವರು ಎರಡು ಸಲ ಹೋಗಿದ್ದರು, ಎರಡು ಸಲವೂ ಬಸ್ಸು ಬದಲಿಸಲು.

"ಎಸಿ ಗಾಳಿ ನೇರ ಕಾವಲಿಗೆ ಬಡೀತದೆ ಮಾರಾಯ್ತಿ. ಬಿಸಿ ಇಳಿದುಹೋಗ್ತದೆ. ಅದಕ್ಕೆ ಹಲಗೆ," ಎಂದರು ಹರಿನಾಥ.

"ಬಿಸಿ ಇಳಿಯಾಂಗಿಲ್ರಿ ಸಾವ್ಕಾರ್ರ. ಹಿಂಗ ಮುಚ್ಚಿದ್ರ ಏರತೈತಿ," ಎಂದಳು ಜೂಲಿಯಾನಾ.

ಏರಿತು. ದಿನಕ್ಕೆ ಇನ್ನೂರ ಎಂಬತ್ತು ದೋಸೆ. ಮೊದಲು ಗಾಜಿನ ಮೇಲಿನಿಂದ ತಣ್ಣನೆಯ ಗಾಳಿ ಕುತ್ತಿಗೆಗಾದರೂ ತಾಗುತ್ತಿತ್ತು. ಈಗ ಕಾವಲಿಯ ಉಸಿರು ಹಲಗೆಗೆ ಹೊಡೆದು ವಾಪಸು ಅವಳ ಮುಖಕ್ಕೇ ಬರುತ್ತಿತ್ತು. ಮಧ್ಯಾಹ್ನ ಎರಡು ಗಂಟೆಗೆ ರವಿಕೆ ಬೆನ್ನಿಗೆ ಅಂಟಿ ಚರ್ಮದ ಇನ್ನೊಂದು ಪದರವಾಗುತ್ತಿತ್ತು. ಬಲ ಮಣಿಕಟ್ಟಿನ ಮೇಲೆ ಮೂರು ಹೊಸ ಸುಟ್ಟ ಗೆರೆಗಳು. ಸಂದಿನ ಕೆಳಗೆ ದೋಸೆ ತಳ್ಳುವಾಗ ಕೈ ಕಾವಲಿಯ ಅಂಚಿಗೆ ತಾಗಲೇಬೇಕು, ಬೇರೆ ದಾರಿಯಿಲ್ಲ.

ಹಲಗೆಯ ಆಚೆ ಕಡೆ ಅನೂಪ್ ನಿಂತಿದ್ದ. ತುಮಕೂರಿನ ಬಿ.ಕಾಂ. ಪದವೀಧರ, ಕೆಲಸಕ್ಕೆ ಸೇರಿದ್ದು ಕ್ಯಾಷಿಯರ್ ಆಗಿ. ಈಗ ಅವನ ತಲೆಗೆ ಅರ್ಧ ಮೊಳ ಎತ್ತರದ ಬಿಳಿ ಟೋಪಿ, ಕೈಗೆ ಒಂದು ಸೌಟು. ಸಂದಿನಿಂದ ಬಂದ ದೋಸೆಯನ್ನು ಎತ್ತಿ, ಗಾಳಿಯಲ್ಲಿ ಒಂದು ಸಲ ತಿರುಗಿಸಿ ತಟ್ಟೆಗಿಡುವುದು ಅವನ ಕೆಲಸ. ಸೌಟು ಬರೀ ಶೋಕಿಗೆ. ಜನ ಅವನ ಫೋಟೊ ತೆಗೆಯುತ್ತಿದ್ದರು. ಅವನಿಗೆ ನಾಚಿಕೆಯಾಗುತ್ತಿತ್ತು. ನಾಲ್ಕನೇ ದಿನ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಒಳಗೆ ಬಂದ.

"ಅಕ್ಕಾ, ಎಸಿ ಅಲ್ಲ. ಕಂಪ್ಲೇಂಟ್ ಚೀಟಿ ಬಂದಿತ್ತು. ಮೂರು."

"ದೋಸೆ ಚಲೋ ಇರಲಿಲ್ಲೇನ?"

"ದೋಸೆ ತುಂಬಾ ಚೆನ್ನಾಗಿದೆ ಅಂತಾನೇ ಬರೆದಿದ್ದಾರೆ. ಆಫ್ರಿಕಾದ ಹೆಂಗಸಿನ ಕೈಲಿ ಮಾಡಿಸಿ ಉಡುಪಿ ಅಂತ ಬೋರ್ಡ್ ಹಾಕೋದು ಮೋಸ ಅಂತ."

ಜೂಲಿಯಾನಾ ಕಾವಲಿಗೆ ನೀರು ಚಿಮುಕಿಸಿದಳು. ಅದು ಚುಂಯ್ ಎಂದಿತು. ಕಾವಲಿ ಒರೆಸಿ ಮುಂದಿನ ದೋಸೆ ಹುಯ್ದಳು.

ಅವಳ ಊರು ಹಳಿಯಾಳದ ಕಾಡಂಚಿನ ಒಂದು ಕೇರಿ, ಸಿದ್ದಿಯರ ನಲವತ್ತು ಮನೆ. ನೋಡಲು ಆಫ್ರಿಕಾದವರಂತೆ, ಆಡುವುದು ಕೊಂಕಣಿ, ಕನ್ನಡ. ಹತ್ತನೇ ವಯಸ್ಸಿನಲ್ಲಿ ಯಲ್ಲಾಪುರದ ಒಂದು ದೊಡ್ಡ ಮನೆಗೆ ಕೆಲಸಕ್ಕೆ ಸೇರಿದಳು. ಹಿತ್ತಿಲ ಕಡೆ ಒರಳು. ಅದರಲ್ಲಿ ದೋಸೆ ಹಿಟ್ಟು ರುಬ್ಬುವುದು ಅವಳು. ರುಬ್ಬಿದ ಹಿಟ್ಟನ್ನು ಹೊಸ್ತಿಲ ಮೇಲಿಡಬೇಕು. ಒಳಗಿನವರು ಅದಕ್ಕೆ ನೀರು ಚಿಮುಕಿಸಿ ಒಯ್ಯುತ್ತಿದ್ದರು. ಏಳು ವರ್ಷ ರುಬ್ಬಿದಳು. ಆ ಮನೆಯ ಒಲೆ ಯಾವ ಕಡೆಗಿತ್ತೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಹುಬ್ಬಳ್ಳಿಯ ಖಾನಾವಳಿ, ಗೋವಾದ ಕ್ಯಾಂಟೀನು, ಒಬ್ಬ ಏಜೆಂಟು, ಬಹ್ರೇನ್. ಇಲ್ಲಿ ಒಲೆ ಪೂರ್ತಿ ಅವಳದೇ. ಅಲ್ಲಿ ಮುಟ್ಟಬಾರದಿತ್ತು. ಇಲ್ಲಿ ಕಾಣಬಾರದು.

ಸಂಜೆ ಅಂಗಡಿ ತೊಳೆಯುವಾಗ ಅವಳು ಹರಿನಾಥರ ಮುಂದೆ ನಿಂತಳು.

"ಸಾವ್ಕಾರ್ರ, ನಾ ಹಳಿಯಾಳದಾಕಿ. ನೀವು ಕುಮಟಾದವರು. ಇಬ್ಬರ್ದೂ ಡೀಸಿ ಆಫೀಸು ಕಾರವಾರದಾಗ ಐತಿ. ಉಡುಪಿ ನಮ್ಮಿಬ್ಬರ್ಗೂ ಪರವೂರು."

ಹರಿನಾಥ ನಕ್ಕರು. ಕೆಟ್ಟ ಮನುಷ್ಯರಲ್ಲ. ಸಂಬಳ ತಿಂಗಳಿಗೆ ಸರಿಯಾಗಿ ಕೊಡುತ್ತಿದ್ದರು, ಜ್ವರ ಬಂದರೆ ಗುಳಿಗೆ ತರಿಸುತ್ತಿದ್ದರು. ಕೆಲಸದವರ ಪಾಸ್‌ಪೋರ್ಟುಗಳನ್ನು ಮಾತ್ರ ತಮ್ಮ ಮೇಜಿನ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟುಕೊಂಡಿದ್ದರು.

"ಗಿರಾಕಿಗೆ ಜಾಗ್ರಫಿ ಬೇಡ ಮಾರಾಯ್ತಿ," ಎಂದರು. "ಮುಖ ಸಾಕು."

ಈ ಮಾತನ್ನು ಜೂಲಿಯಾನಾ ಮರುದಿನ ಎಬೆರೆಗೆ ಹೇಳಿದಳು.

ಎಬೆರೆ ಇದೆಹೆನ್ ಅದೇ ಫುಡ್ ಕೋರ್ಟ್‌ನ ನೆಲ ಒರೆಸುವ ಹೆಂಗಸು. ನೈಜೀರಿಯಾದವಳು. ಕ್ಲೀನಿಂಗ್ ಕಂಪನಿಯೊಂದರ ನೀಲಿ ಅಂಗಿ ಹಾಕುತ್ತಿದ್ದಳು. ಇಬ್ಬರೂ ಮೊದಲ ಸಲ ಭೇಟಿಯಾದಾಗ ಎಬೆರೆ ಇವಳನ್ನು ತನ್ನ ದೇಶದವಳೇ ಎಂದುಕೊಂಡು ಖುಷಿಯಿಂದ ಕೇಳಿದ್ದಳು:

"ಅಕ್ಕಾ, ನಿನ್ನದು ಯಾವ ಸ್ಟೇಟ್?"

"ಕರ್ನಾಟಕ."

ಎಬೆರೆ ಮಾಪ್ ಊರಿ ಯೋಚಿಸಿದ್ದಳು. "ಅದು ನಮ್ಮ ಕಡುನಾ ಸ್ಟೇಟ್ ಪಕ್ಕವಾ?"

"ಗೋವಾದ ಪಕ್ಕ."

ಆವತ್ತಿನಿಂದ ಗೆಳೆತನ. ಅರ್ಧ ಹಿಂದಿ, ಅರ್ಧ ಇಂಗ್ಲಿಷ್, ಉಳಿದದ್ದು ಕೈಸನ್ನೆ. ಒಡೆದ ದೋಸೆಗಳನ್ನು ಜೂಲಿಯಾನಾ ಅವಳಿಗೆ ಕೊಡುತ್ತಿದ್ದಳು. ಎಬೆರೆ ಬರುವ ಹೊತ್ತಿಗೆ ಎರಡು ದೋಸೆ ತಮ್ಮಷ್ಟಕ್ಕೆ ಒಡೆಯುತ್ತಿದ್ದವು.

ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಮುಖದ ಕಥೆ ಕೇಳಿ ಎಬೆರೆ ಹೊಟ್ಟೆ ಹಿಡಿದು ನಕ್ಕಳು.

"ನಿನಗೆ ಮುಖದ ತೊಂದರೆ. ನನಗೆ ಹೆಸರಿನದು," ಎಂದಳು. "ಎಬೆರೆ ಅನ್ನೋದು ನಮ್ಮ ಒಂದು ಪಕ್ಕದ ಇಗ್ಬೊ ಜನರ ಹೆಸರು. ಇದೆಹೆನ್ ಅನ್ನೋದು ಇನ್ನೊಂದು ಪಕ್ಕದ ಬೆನಿನ್ ನಗರದವರ ಹೆಸರು. ನಾವು ಎರಡೂ ಅಲ್ಲ. ನಾವು ಇಕಾ."

"ಹಂಗಂದ್ರ?"

"ಅದೇ ಜಗಳ. ನಮ್ಮ ಮಾತು ಇಗ್ಬೊ ಮಾತಿಗೆ ಹತ್ತಿರ. ಅದಕ್ಕೆ ಇಗ್ಬೊಗಳು ನೀವು ನಮ್ಮವರೇ ಅಂತಾರೆ. ನಮ್ಮ ರಾಜರ ಕಥೆಗಳು ಬೆನಿನ್‌ನಿಂದ ಶುರುವಾಗುತ್ತವೆ. ಅದಕ್ಕೆ ಅವರು ನೀವು ನಮ್ಮವರೇ ಅಂತಾರೆ. ಇನ್ನು ಕೆಲವರು ನೀವು ಇಬ್ಬರಿಗಿಂತ ಮೊದಲೇ ಇದ್ದವರು ಅಂತ ಪುಸ್ತಕ ಬರೀತಾರೆ."

"ನೀ ಏನಂತಿ?"

"ನಮ್ಮನೆ ಅಗ್ಬೋರ್ ಊರಲ್ಲಿ, ಹೆದ್ದಾರಿ ಪಕ್ಕ. ರಸ್ತೆಯ ಈ ಬದಿಯಲ್ಲಿ ಬೆನಿನ್ ಬಸ್ಸು ನಿಲ್ಲುತ್ತೆ. ಆ ಬದಿಯಲ್ಲಿ ಇಗ್ಬೊಗಳ ಕಡೆ ಹೋಗೋ ಅಸಾಬಾ ಬಸ್ಸು. ಎರಡರ ಕಂಡಕ್ಟರೂ ಬಾ ಬಾ ಅಂತ ಕೂಗ್ತಾರೆ. ನಾವು ಮನೇಲೇ ಇರ್ತೀವಿ." ಎಬೆರೆ ಬೆರಳು ನೆಕ್ಕಿದಳು. "ಇಲ್ಲೂ ಎರಡು ಸಂಘ ಇವೆ. ಇಗ್ಬೊ ಸಂಘದ ಪಾರ್ಟಿಗೆ ಹೋದೆ. ಅಡುಗೆ ಮಾಡುವಾಗ ನಮ್ಮ ತಂಗಿ ಅಂದರು, ಫೋಟೊ ತೆಗೆಯುವಾಗ ಬೆನಿನ್‌ನವಳು ಅಂದರು. ಬೆನಿನ್‌ನವರ ಪಾರ್ಟಿಗೆ ಹೋದೆ. ಪಾತ್ರೆ ತೊಳೆಯುವಾಗ ನಮ್ಮ ಮಗಳು, ಮಾಂಸ ಬಡಿಸುವಾಗ ಇಗ್ಬೊ."

ಜೂಲಿಯಾನಾ ಎಷ್ಟು ನಕ್ಕಳೆಂದರೆ ಮೆಟ್ಟಿಲ ಮೇಲಿನ ಸೆಕ್ಯುರಿಟಿಯವನು ಇಣುಕಿ ನೋಡಿದ.

"ಯುದ್ಧದ ಕಾಲದಲ್ಲಿ ಇಷ್ಟು ತಮಾಷೆ ಇರಲಿಲ್ಲ," ಎಂದಳು ಎಬೆರೆ, ಅದೇ ದನಿಯಲ್ಲಿ. "ಅರವತ್ತೇಳರಲ್ಲಿ, ಇಗ್ಬೊಗಳು ಬೇರೆ ದೇಶ ಮಾಡಿಕೊಂಡಾಗ. ಒಂದು ಸೈನ್ಯ ಬಂತು, ನೀವು ಯಾರು ಅಂತ ಕೇಳಿತು. ಅದು ಹೋಗಿ ಇನ್ನೊಂದು ಬಂತು, ಅದೂ ಅದನ್ನೇ ಕೇಳಿತು. ನಮ್ಮಜ್ಜನಿಗೆ ಎರಡೂ ಭಾಷೆ ಬರುತ್ತಿತ್ತು. ಬದುಕಿದ. ಅವನ ತಮ್ಮನಿಗೆ ಒಂದೇ ಬರುತ್ತಿತ್ತು."

ಜೂಲಿಯಾನಾ ನಗು ನಿಲ್ಲಿಸಿದಳು. ಆಮೇಲೆ ತನ್ನ ಕೇರಿಯ ಕಥೆ ಹೇಳಿದಳು. ನಿಮ್ಮನ್ನು ಪೋರ್ಚುಗೀಸರು ತಂದರು ಎನ್ನುವ ಸಂಶೋಧಕ ಒಬ್ಬ ಬಂದಿದ್ದ. ಅರಬರು ತಂದರು ಎಂಬವನು ಇನ್ನೊಬ್ಬ. ಸುಲ್ತಾನರ ಸೈನ್ಯದಲ್ಲಿದ್ದಿರಿ ಎಂದು ಹೇಳಿ ಹೋದವನು ಮೂರನೆಯವನು. ನಾಲ್ಕನೆಯವರು ಬಿಳಿ ಕೋಟು ಹಾಕಿಕೊಂಡು ಬಂದು ಬೆರಳು ಚುಚ್ಚಿ ರಕ್ತ ಒಯ್ದರು. ಅವಳ ಅಜ್ಜಿ ಕೈ ಚಾಚಿಕೊಂಡೇ ಕೇಳಿದ್ದಳು, ‘ಸಾಹೇಬ್ರ, ನೀವು ಯಾರು, ಎಲ್ಲಿಂದ ಬಂದ್ರಿ ಅಂತ ನಿಮ್ಮ ರಕ್ತ ಯಾರು ಒಯ್ದರು?’ ಸಾಹೇಬರು ಅದನ್ನು ಬರೆದುಕೊಳ್ಳಲಿಲ್ಲ.

ಅಕ್ಟೋಬರ್ ಮೂರನೇ ವಾರ ಧನಂಜಯ ಬಂದ. ಬ್ಯಾಂಕೊಂದರ ಐಟಿ ಮ್ಯಾನೇಜರ್, ದಾವಣಗೆರೆಯವನು, ಕನ್ನಡಿಗರ ಒಂದು ಬಳಗದ ಸಾಂಸ್ಕೃತಿಕ ಕಾರ್ಯದರ್ಶಿ. ಆ ವರ್ಷ ನವೆಂಬರ್ ಒಂದು ಸರಿಯಾಗಿ ಶುಕ್ರವಾರವೇ ಬಿದ್ದಿತ್ತು. ರಜೆಯ ದಿನವೇ ರಾಜ್ಯೋತ್ಸವ. ಸನದ್ ಬಡಾವಣೆಯ ಒಂದು ಹಾಲ್, ನಾನೂರು ಜನ, ಅಂಗಳದಲ್ಲಿ ಬಿಸಿ ಬಿಸಿ ದೋಸೆ. ಆರ್ಡರ್ ಕೊಡಲು ಬಂದವನು ಎರಡು ದೋಸೆ ತಿಂದ. ಮೂರನೆಯದನ್ನೂ ತಿಂದ.

"ಬೊಂಬಾಟ್. ಯಾರ್ರೀ ಮಾಡೋದು? ಈ ಟೋಪಿಯವರಾ?"

ಅನೂಪ್ ಟೋಪಿಗೆ ಕೈ ಹಾಕಿದ. ಅಷ್ಟರಲ್ಲಿ ಜೂಲಿಯಾನಾ ಹಲಗೆಯ ಬದಿಯಿಂದ ತಾನೇ ಹೊರಗೆ ಬಂದು ಕೈ ಒರೆಸಿಕೊಂಡಳು.

"ನಾನ್ರಿ."

ಧನಂಜಯ ಅವಳನ್ನು ನೋಡಿದ. ಹರಿನಾಥರನ್ನು ನೋಡಿದ. "ಇವರು ಒರಿಜಿನಲೀ ಎಲ್ಲಿಯವರು?"

"ನಮ್ಮ ಕಡೆಯವಳೇ. ಸಿದ್ದಿ," ಎಂದರು ಹರಿನಾಥ, ತಪ್ಪು ಒಪ್ಪಿಕೊಳ್ಳುವವರ ಹಾಗೆ.

ಧನಂಜಯನ ಮುಖ ಅರಳಿತು. ಅವಳನ್ನು ನೋಡಿ ಅಷ್ಟು ಸಂತೋಷಪಟ್ಟ ಗಿರಾಕಿ ಇನ್ನೊಬ್ಬನಿರಲಿಲ್ಲ. "ಸಿದ್ದೀಸ್! ನಮ್ಮ ಸ್ಟೇಟ್‌ನ ಟ್ರೈಬ್! ಸರ್, ಐಟಂ ನಂಬರ್ ಒಂಬತ್ತು ಖಾಲಿ ಇದೆ. ಸಿದ್ದಿ ಡ್ಯಾನ್ಸ್ ಇಟ್ಬಿಡೋಣ. ಎಲೆ ಗಿಲೆ ಕಟ್ಕೊಂಡು, ಮುಖಕ್ಕೆ ಬಿಳಿ ಗೆರೆ. ಐದು ಜನ ಬೇಕು. ಇನ್ನೂ ಇದ್ದಾರಾ?"

"ಸಿದ್ದಿ ಇವಳೊಬ್ಬಳೇ."

"ಪರವಾಗಿಲ್ಲ. ಮಾಲಲ್ಲಿ ಬೇಕಾದಷ್ಟು ಜನ ಇದ್ದಾರಲ್ಲ. ಸ್ಟೇಜ್ ಮೇಲೆ ಯಾರಿಗೆ ಗೊತ್ತಾಗುತ್ತೆ?"

ಜೂಲಿಯಾನಾ ನಿಧಾನವಾಗಿ ಕೇಳಿದಳು. "ಹಂಗಾದ್ರ ನಾ ಎಲ್ಲಾರ ಮುಂದ ನಿಂದರಬೌದು ಅಂದಂಗಾತು."

"ಆಫ್‌ಕೋರ್ಸ್. ನೀವೇ ಹೈಲೈಟ್."

"ಕುಣಿಯಾಕ ನಿಲ್ಲಬೌದು ಅಂದ್ರ, ಕಾವಲಿ ಮುಂದನೂ ನಿಲ್ಲಬೌದಲ್ರಿ. ಅಂಗಳದಾಗ ಹಿಂಗ ಹಲಗಿ, ಪರದೆ ಹಾಕಬ್ಯಾಡ್ರಿ. ಎಲ್ಲಾರೂ ನೋಡೂಹಂಗ ದೋಸೆ ಹಾಕ್ತೀನಿ."

ಧನಂಜಯ ಹರಿನಾಥರ ಕಡೆ ತಿರುಗಿದ. "ಅದು ಕೇಟರಿಂಗ್ ಡಿಪಾರ್ಟ್‌ಮೆಂಟ್. ನಂದು ಕಲ್ಚರಲ್."

ಕೇಟರಿಂಗ್ ಡಿಪಾರ್ಟ್‌ಮೆಂಟ್ ತಲೆಯಾಡಿಸಿತು. "ಆಗೂದಿಲ್ಲ. ಅಲ್ಲಿ ಅನೂಪನೇ ನಿಲ್ಲೂದು. ನೀನು ಪರದೆ ಹಿಂದೆ. ಕುಣಿಯೂಕೆ ಕರೆದಾಗ ಹೋಗಿ ಕುಣಿದು ಬಾ. ಬೇಡ ಅಂದ್ರೆ ಹೇಳು, ಡ್ರಾಯರ್ ತೆಗೀತೆ. ಪಾಸ್‌ಪೋರ್ಟು, ಟಿಕೇಟು, ನಿನ್ನ ಊರು."

"ನೋಡೋಣ್ರಿ," ಎಂದಳು ಜೂಲಿಯಾನಾ. ಇಬ್ಬರೂ ಅದನ್ನು ಹೂಂ ಎಂದು ತಿಳಿದರು.

ಎಬೆರೆಯನ್ನು ಯಾರೂ ಕೇಳಲೇ ಇಲ್ಲ. ಅವಳ ಸೂಪರ್‌ವೈಸರ್‌ಗೆ ಫೋನು ಹೋಯಿತು, ಅವನು ಒಪ್ಪಿದ. ಜೊತೆಗೆ ಇಬ್ಬರು ಕೆನ್ಯಾದವರು, ಒಬ್ಬಳು ಉಗಾಂಡಾದವಳು. ಐವರ ಸಿದ್ದಿ ತಂಡದಲ್ಲಿ ಸಿದ್ದಿ ಒಬ್ಬಳು.

ಬುಧವಾರ ಸಂಜೆ ಸನದ್‌ನ ಹಾಲ್‌ನಲ್ಲಿ ಪ್ರಾಕ್ಟೀಸು. ಧನಂಜಯ ಲ್ಯಾಪ್‌ಟಾಪ್ ತೆರೆದು ಒಂದು ವಿಡಿಯೊ ಹಾಕಿದ. ಈಟಿ, ಗುರಾಣಿ, ಚರ್ಮದ ಪಟ್ಟಿ ಕಟ್ಟಿದ ಗಂಡಸರು ಎತ್ತರಕ್ಕೆ ಕಾಲು ಎಸೆದು ನೆಲಕ್ಕೆ ಬಡಿಯುತ್ತಿದ್ದರು.

"ಇದೇ ಸ್ಟೆಪ್," ಎಂದ ಧನಂಜಯ.

ಎಬೆರೆ ಬಗ್ಗಿ ನೋಡಿದಳು. "ಇದು ಯಾವ ದೇಶ?"

"ನಿಮ್ಮದೇ ಅಲ್ವಾ?"

"ಅಲ್ಲ."

ಧನಂಜಯ ಕೆನ್ಯಾದವರ ಕಡೆ ನೋಡಿದ. ಅವರು ತಲೆಯಲ್ಲಾಡಿಸಿದರು. ಉಗಾಂಡಾದವಳೂ ಅಲ್ಲವೆಂದಳು. ಕೊನೆಗೆ ಜೂಲಿಯಾನಾಳ ಕಡೆ ತಿರುಗಿದ.

"ನಮ್ಮ ಕೇರ್ಯಾಗ ನಾವು ಸೀರಿ ಉಟ್ಟು ಕುಣೀತೇವ್ರಿ," ಎಂದಳು ಅವಳು. "ದಮಾಮಿ ಬಾರಿಸ್ತಾರ. ಹಾಡು ಕೊಂಕಣ್ಯಾಗ ಇರತೈತಿ. ಎಲಿ ದನಕ್ಕ ಹಾಕ್ತೇವಿ."

"ಸೀರೆ ಬೇಡ. ಸೀರೆ ಎಲ್ಲಾ ಐಟಮ್ಮಲ್ಲೂ ಇದೆ," ಎಂದ ಧನಂಜಯ. ಅವನಿಗೆ ನಿಜವಾಗಿ ಬೇಸರವಾಗಿತ್ತು. ನಾಲ್ಕು ಪುಟದ ಪೀಠಿಕೆ ಬರೆದಿದ್ದ. ಸಿದ್ದಿಯರ ಮೂಲದ ಬಗ್ಗೆ ಇಂಟರ್‌ನೆಟ್‌ನಿಂದ ತೆಗೆದ ನಾಲ್ಕು ವಾದಗಳಿದ್ದವು. "ಇದರಲ್ಲಿ ಯಾವುದು ಕರೆಕ್ಟ್ ಹೇಳಿ, ಅದನ್ನೇ ಓದ್ತೀನಿ."

"ನಿಮ್ಮದು ಬರದೀರೇನ್ರಿ?"

"ನನ್ನದಾ? ನನ್ನದ್ಯಾಕೆ?"

"ಹಂಗ ಕೇಳಿದೆ," ಎಂದಳು ಜೂಲಿಯಾನಾ.

ಎಲೆಗಳು ಪ್ಲಾಸ್ಟಿಕ್ಕಿನವು. ಮಾಲ್‌ನ ಅಲಂಕಾರದ ಬಳ್ಳಿಗಳನ್ನು ಕತ್ತರಿಸಿ ಪಟ್ಟಿಗೆ ಹೊಲಿದಿದ್ದರು. ವಾರಕ್ಕೊಮ್ಮೆ ಆ ಬಳ್ಳಿಗಳ ಧೂಳು ಒರೆಸುವವಳು ಎಬೆರೆಯೇ. ಅವಳು ಒಂದು ಎಲೆ ಹಿಡಿದು ನೋಡಿ, "ಇವರು ನನಗೆ ಪರಿಚಯ," ಎಂದಳು.

ಶುಕ್ರವಾರ ಸಂಜೆ ಐದು ಗಂಟೆಗೆ ದೋಸೆ ಶುರುವಾಯಿತು. ಅಂಗಳದ ಒಂದು ಬದಿಗೆ ಮೂರಡಿ ಅಗಲದ ಕಾವಲಿ. ಅದರ ಮುಂದೆ ಕೆಂಪು ಹಳದಿ ಬಟ್ಟೆಯ ಪರದೆ. ಪರದೆಯ ಮುಂದೆ ಮೇಜು, ಟೋಪಿ, ಅನೂಪ್. ಹಾಲ್‌ನ ಉದ್ದದ ಬಾಗಿಲುಗಳೆಲ್ಲ ಅಂಗಳಕ್ಕೇ ತೆರೆದಿದ್ದವು. ಒಳಗೆ ಮಕ್ಕಳ ಕೋಲಾಟ, ಏಳನೇ ಐಟಂ. ಪರದೆಯ ಹಿಂದೆ ಜೂಲಿಯಾನಾ ಪ್ಲಾಸ್ಟಿಕ್ ಎಲೆ ಕಟ್ಟಿಕೊಂಡೇ ದೋಸೆ ಹುಯ್ಯುತ್ತಿದ್ದಳು. ಮುಖದಲ್ಲಿ ಬಿಳಿ ಬಣ್ಣದ ಗೆರೆ. ಶಾಖಕ್ಕೆ ಬಣ್ಣ ಕರಗಿ ಕಣ್ಣಿಗಿಳಿಯಿತು. ಶಾಖಕ್ಕೆ ಪ್ಲಾಸ್ಟಿಕ್ ಎಲೆಗಳೂ ಮೆತ್ತಗಾದವು. ಒಂದೊಂದಾಗಿ ಅವಳ ಮೊಣಕಾಲಿಗೆ ಅಂಟಿಕೊಳ್ಳತೊಡಗಿದವು. ಅವಳು ಒಂದನ್ನು ಕಿತ್ತಳು. ಚರ್ಮ ಕೆಂಪಗೆ ಎದ್ದಿತ್ತು.

ಒಳಗೆ ಮೈಕಿನಲ್ಲಿ ಧನಂಜಯನ ದನಿ ಶುರುವಾಯಿತು. "ಈಗ ಐಟಂ ಒಂಬತ್ತು. ಸಿದ್ದಿಯರ ಮೂಲದ ಬಗ್ಗೆ ನಾಲ್ಕು ವಾದಗಳಿವೆ. ಮೊದಲನೆಯದಾಗಿ..."

ಜೂಲಿಯಾನಾ ಸೌಟು ಕೆಳಗಿಟ್ಟಳು. ಸೊಂಟದ ಪಟ್ಟಿ ಬಿಚ್ಚಿ ಎಲೆಗಳನ್ನೆಲ್ಲ ಮುದ್ದೆ ಮಾಡಿ ಕಸದ ಡಬ್ಬಕ್ಕೆ ತುರುಕಿದಳು. ಒಳಗೆ ಅವಳ ದಿನದ ಸೀರೆಯೇ ಇತ್ತು, ಮೊಣಕಾಲಿಗೆ ಎತ್ತಿ ಸಿಕ್ಕಿಸಿದ್ದು. ಇಳಿಬಿಟ್ಟಳು. ಬಕೆಟ್ಟಿನ ನೀರಿನಲ್ಲಿ ಮುಖ ತೊಳೆದಳು. ಐಟಮ್ಮಿಗೆ ಅಲ್ಲೇ ಕಾಯುತ್ತಿದ್ದ ಎಬೆರೆ ಕೇಳಿದಳು, "ಹೋಗಲ್ವಾ?"

"ಇಲ್ಲ."

"ಸರಿ," ಎಂದು ಎಬೆರೆಯೂ ತನ್ನ ಎಲೆ ಬಿಚ್ಚಿದಳು. ಕೆನ್ಯಾದವರು ಅದಕ್ಕೂ ಮೊದಲೇ ಬಿಚ್ಚಿ ಚಹಾ ಕುಡಿಯುತ್ತಿದ್ದರು.

ಜೂಲಿಯಾನಾ ಪರದೆಯ ಮೇಲಿನ ಹಗ್ಗ ಹಿಡಿದು ಎಳೆದಳು. ಬಟ್ಟೆ ಅನೂಪನ ಟೋಪಿಯ ಮೇಲೆ ಬಿತ್ತು. ಬಟ್ಟೆಯೊಳಗಿಂದ ಅನೂಪ್, "ಥ್ಯಾಂಕ್ಸ್ ಅಕ್ಕಾ," ಎಂದ.

ಸರದಿಯಲ್ಲಿ ಆಗಲೇ ಅರವತ್ತು ಜನ ಇದ್ದರು. ಎಲ್ಲರೂ ಅವಳನ್ನು ನೋಡಿದರು. ಒಳಗೆ ಖಾಲಿ ವೇದಿಕೆ ನೋಡಿ ಬೇಸತ್ತವರು ಬಾಗಿಲಿಗೆ ಬಂದು ನಿಂತರು. ಹರಿನಾಥ ಜನರ ನಡುವೆ ನುಗ್ಗಿ ಬಂದರು. ದನಿ ತಗ್ಗಿಸಿ, ಹಲ್ಲು ಕಚ್ಚಿ, "ಒಳಗೆ ಹೋಗು. ಅನೂಪಾ, ಸೌಟು ತಗೋ. ನೀ ಹಾಕು," ಎಂದರು.

ಅನೂಪ್ ಸೌಟು ಹಿಡಿದ. ಏಳು ವಾರ ದೋಸೆ ತಿರುಗಿಸಿದ್ದ, ಒಂದನ್ನೂ ಹುಯ್ದಿರಲಿಲ್ಲ. ಕಾವಲಿ ಕಾದು ಹೊಗೆಯಾಡುತ್ತಿತ್ತು. ಹುಯ್ಯುವ ಮುಂಚೆ ನೀರು ಹಾಕಿ ಒರೆಸಿ ಅದರ ಸಿಟ್ಟು ಇಳಿಸಬೇಕೆಂದು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ಹಲಗೆಯ ಆಚೆಯಿಂದ ಅದು ಕಾಣುತ್ತಲೂ ಇರಲಿಲ್ಲ. ನೇರ ಹುಯ್ದ. ಹರಡಲು ಹೋದ. ಹಿಟ್ಟು ಕಾವಲಿ ಬಿಟ್ಟು ಸೌಟಿಗೇ ಸುತ್ತಿಕೊಂಡು ಬಂತು, ಅರ್ಧ ಬೆಂದ ಉಂಡೆಯಾಗಿ. ಮತ್ತೆ ಹುಯ್ದ. ಎರಡನೇ ಉಂಡೆ. ಸರದಿಯಲ್ಲಿ ಯಾರೋ, "ಇದು ಇಡ್ಲಿನಾ?" ಎಂದರು. ನಗು ಹಬ್ಬಿತು. ಅನೂಪನೂ ನಕ್ಕ. ಟೋಪಿ ಹರಿನಾಥರ ಕೈಗೆ ಕೊಟ್ಟು, "ಸರ್, ನಾನು ಬಿ.ಕಾಂ.," ಎಂದ.

ಜೂಲಿಯಾನಾ ಸೌಟು ವಾಪಸು ತೆಗೆದುಕೊಂಡಳು. ಕಾವಲಿ ಕೆರೆದಳು. ಅರ್ಧ ಈರುಳ್ಳಿಯಿಂದ ಒರೆಸಿದಳು. ನೀರು ಚಿಮುಕಿಸಿದಳು. ಹಿಟ್ಟು ಹುಯ್ದು ಒಂದೇ ಸುತ್ತಿಗೆ ತಟ್ಟೆಯಗಲ ಹರಡಿದಳು. ಸರದಿ ಮುಂದಕ್ಕೆ ಸರಿಯಿತು. ಮೊದಲಿಗ ತಟ್ಟೆ ಚಾಚಿದ. ಕನ್ನಡಕದ, ಐವತ್ತರ ಗಂಡಸು.

ಅವಳು ದೋಸೆ ಎತ್ತಿದಳು. ಕೊಡಲಿಲ್ಲ.

"ಯಾವೂರ್ರಿ ನಿಮ್ಮದು?"

"ಮೈಸೂರು."

"ಅದಕ್ಕೂ ಮೊದಲು ಎಲ್ಲಿಯವರು?"

"ಅಂದ್ರೆ?"

"ಮೈಸೂರಿಗೆ ಬರೂಕಿಂತ ಮೊದಲ್ರಿ. ಒರಿಜಿನಲೀ."

ಅವರಿಗೆ ಕೋಪ ಬಂತು. ದೋಸೆ ಕಣ್ಣೆದುರಿಗಿತ್ತು. "ನಮ್ಮ ತಾತ ನಂಜನಗೂಡು ಕಡೆಯಿಂದ ಬಂದ್ರು."

"ಅದಕ್ಕೂ ಮೊದಲು?"

"ಅದಕ್ಕೂ ಮೊದಲು ತಮಿಳುನಾಡು ಅಂತಾರೆ. ಅಲ್ಲ ಆಂಧ್ರ ಅಂತ ನಮ್ಮತ್ತೆ. ಗೊತ್ತಿಲ್ಲಮ್ಮ."

"ಗೊತ್ತಿಲ್ಲ ಅಂದ್ರ ತಗೋರಿ," ಎಂದು ತಟ್ಟೆಗೆ ಹಾಕಿದಳು.

ಎಬೆರೆ ಪಕ್ಕದಲ್ಲಿ, ಧನಂಜಯ ಪ್ರಾಕ್ಟೀಸಿನ ದಿನ ತಂಡಕ್ಕೆ ಕೊಟ್ಟಿದ್ದ ಪೀಠಿಕೆಯ ಪ್ರತಿಯ ಹಾಳೆಗಳನ್ನು ತಿರುವಿ ಹಿಂಬದಿಯಲ್ಲಿ ಗಂಭೀರವಾಗಿ ಬರೆದುಕೊಳ್ಳುತ್ತಿದ್ದಳು. ಏನು ಬರೆಯುತ್ತಿದ್ದಾಳೆಂದು ಇಣುಕಿದವರಿಗೆ ಕಂಡದ್ದು ಬರೀ ಕೋಳಿ, ಬಸ್ಸು, ತೆಂಗಿನ ಮರದ ಚಿತ್ರ. ಆದರೂ ಅವಳು ಪೆನ್ನು ಎತ್ತಿ ನೋಡಿದ ಕೂಡಲೇ ಜನ ನೆಟ್ಟಗೆ ನಿಲ್ಲುತ್ತಿದ್ದರು.

ಎರಡನೆಯವನು, ನಾವು ಮೂಲತಃ ಶುದ್ಧ ಬೆಂಗಳೂರಿನವರೇ, ಅದಕ್ಕೂ ಮೊದಲು ಯಾವುದೂ ಇಲ್ಲ ಎಂದ. ಜೂಲಿಯಾನಾ ಸೌಟಿನಿಂದ ಸರದಿಯ ತುದಿ ತೋರಿಸಿದಳು. "ಯೋಚನೆ ಮಾಡ್ಕೊಂಡು ಬರ್ರಿ." ಹಿಂದಿನವರೇ ಅವನನ್ನು ತಳ್ಳಿದರು. ಅವರಿಗೆ ಹಸಿವಾಗಿತ್ತು.

ಮೂರನೆಯವರು ಸಾರಮ್ಮ. ಎಪ್ಪತ್ತರ ಬ್ಯಾರಿ ಹೆಂಗಸು, ತಲೆಗೆ ಬಿಳಿ ದುಪಟ್ಟಾ, ಮಗನ ಮನೆಗೆ ಬಂದವರು.

"ಅಮ್ಮಾ, ನಿಮ್ಮೂರು?"

"ಮಲ್ಪೆ. ಉಡುಪಿಯ ಮಲ್ಪೆ."

ಸರದಿಯಲ್ಲಿ ಕೆಲವರು ಹರಿನಾಥರನ್ನು ನೋಡಿದರು. ಇಡೀ ಅಂಗಳದಲ್ಲಿ ಉಡುಪಿಯವರೆಂದು ನಿಜವಾಗಿ ಹೇಳಿಕೊಳ್ಳಬಲ್ಲವರು ಅಲ್ಲಿಯವರೆಗೆ ಸಾರಮ್ಮ ಒಬ್ಬರೇ.

"ಅದಕ್ಕೂ ಮೊದಲು?"

ಸಾರಮ್ಮ ಸ್ವಲ್ಪ ಯೋಚಿಸಿದರು. "ಅದಕ್ಕೂ ಮೊದಲು ಸಮುದ್ರ ಮಗಾ. ಅದರಿಂದ ಎದ್ದು ಬಂದದ್ದೋ, ಅದರ ಮೇಲೆ ಬಂದದ್ದೋ, ಅದನ್ನು ನೋಡಿಕೊಂಡು ಅಲ್ಲೇ ಕೂತಿದ್ದದ್ದೋ, ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನಾನು ಮೀನು ಕೊಯ್ತಾ ಇದ್ದೆ, ಕೇಳಿಸಿಕೊಳ್ಳಲಿಲ್ಲ."

ಜೂಲಿಯಾನಾ ಅವರಿಗೆ ಎರಡು ದೋಸೆ ಹಾಕಿದಳು, ತುಪ್ಪ ಬಿಟ್ಟು.

ಆಮೇಲೆ ಒಂದು ಎಂಟು ವರ್ಷದ ಹುಡುಗಿ. ಧನಂಜಯನ ಮಗಳು ತನ್ವಿ. ಇಂಗ್ಲಿಷಿನಲ್ಲೇ ಹೇಳಿದಳು, ನಾನು ಇಲ್ಲಿಯವಳು, ಸನದ್. ಅದಕ್ಕೂ ಮೊದಲು ಎಂದು ಕೇಳಿದರೆ ಮೂಗು ಸುಕ್ಕಿಸಿದಳು. "ಅದಕ್ಕೂ ಮೊದಲು ನಾನು ಇರಲೇ ಇಲ್ಲ."

"ಬಂಗಾರ," ಎಂದಳು ಜೂಲಿಯಾನಾ.

ಅವಳ ಹಿಂದೆಯೇ ಧನಂಜಯ ಬಂದು ನಿಂತಿದ್ದ. ತಟ್ಟೆ ಹಿಡಿದಿರಲಿಲ್ಲ. ಕೊರಳಿನಲ್ಲಿ ಇನ್ನೂ ಮೈಕು.

"ನೀವು ನನ್ನ ಪ್ರೋಗ್ರಾಂ ಹಾಳು ಮಾಡಿದ್ರಿ. ನಾನು ರೆಸ್ಪೆಕ್ಟ್ ಕೊಟ್ಟು ಕರೆದಿದ್ದೆ."

ಜೂಲಿಯಾನಾ ಸೌಟು ನಿಲ್ಲಿಸಲಿಲ್ಲ. "ಸರ, ನಾನು ಹತ್ತು ವರ್ಷದಾಕಿ ಇದ್ದಾಗಿಂದ ಈ ಹಿಟ್ಟು ರುಬ್ಬೀನಿ. ನಿಮ್ಮ ಕಣ್ಣಿಗೆ ಅದು ಕಲ್ಚರ್ ಕಾಣಲಿಲ್ಲ. ಪ್ಲಾಸ್ಟಿಕ್ ಎಲಿ ಕಾಣಿಸ್ತು. ನನ್ನ ಮೂಲ ನಾಲ್ಕು ಹಾಳಿ ಬರದ್ರಿ. ನನ್ನ ಹೆಸರು ಒಂದರಾಗೂ ಇಲ್ಲ. ನಾ ನೋಡೀನಿ."

ಮೈಕು ಆನ್ ಇತ್ತು. ಅವಳ ಮಾತು ಒಳಗಿನ ಸ್ಪೀಕರುಗಳಲ್ಲಿ ಕೇಳಿ ಇಡೀ ಹಾಲ್ ಹೊರಗೆ ಬರುತ್ತಿತ್ತು. ಹಿಂದಿನಿಂದ ಯಾರೋ, "ಧನೂ, ದೋಸೆ ತಗೊಂಡು ಮುಂದೆ ಹೋಗಪ್ಪ. ಇಲ್ಲಾ ಎಲ್ಲಿಯವನು ಅಂತ ಹೇಳು," ಎಂದರು.

ಧನಂಜಯ ಮೈಕು ಆಫ್ ಮಾಡಿದ. "ದಾವಣಗೆರೆ," ಎಂದ.

"ಅದಕ್ಕೂ ಮೊದಲು?"

ತನ್ವಿ ದೋಸೆ ತಿನ್ನುತ್ತ ಅಪ್ಪನ ಮುಖ ನೋಡುತ್ತಿದ್ದಳು.

"ಗೊತ್ತಿಲ್ಲ," ಎಂದ.

"ತಗೋರಿ."

ಆ ಸಂಜೆ ಮುನ್ನೂರ ಹತ್ತು ದೋಸೆ ಹೋಯಿತು. ಹಿಟ್ಟು ಮುಗಿದು ನಿಂತಾಗ ಸರದಿಯಲ್ಲಿ ಉಳಿದವನು ಒಬ್ಬನೇ, ಶುದ್ಧ ಬೆಂಗಳೂರಿನವನು.

ಶನಿವಾರ ಬೆಳಗ್ಗೆ ಒಂಬತ್ತಕ್ಕೆ ಎಬೆರೆ ಫೋನು ಮಾಡಿದಳು. ಯಾರು ದೂರು ಕೊಟ್ಟರೋ ತಿಳಿಯದು, ಅವಳನ್ನು ಮಾಲ್‌ನಿಂದ ತೆಗೆದು ಏರ್‌ಪೋರ್ಟ್ ಕಡೆ ಹಾಕಿದ್ದರು. ವಾಸ ಅಲ್ಲೇ ಅರಾದ್‌ನ ಕೆಲಸಗಾರರ ಕ್ಯಾಂಪಿನಲ್ಲಿ. ಹನ್ನೆರಡು ಗಂಟೆ ಶಿಫ್ಟು, ಶೌಚಾಲಯ ಮಾತ್ರ. ಅವಳು ನಗುತ್ತಲೇ ಹೇಳಿದಳು. ಕೊನೆಗೆ ನಗು ಸಾಲಲಿಲ್ಲ. "ಒಡೆದ ದೋಸೆ ಇಲ್ಲಿಗೆ ಬರಲ್ಲ," ಎಂದು ಇಟ್ಟಳು.

ಜೂಲಿಯಾನಾ ಅಂಗಡಿಗೆ ಬಂದಾಗ ಹರಿನಾಥರ ಮೇಜಿನ ಮೇಲೆ ಅವಳ ಪಾಸ್‌ಪೋರ್ಟ್ ಇತ್ತು. ಹರಿನಾಥ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ.

"ಹಲಗೆ ಹಿಂದೆ ನಿಲ್ತೆಯೋ, ಊರಿಗ್ ಹೋಗ್ತೆಯೋ?"

ಅವಳು ಪಾಸ್‌ಪೋರ್ಟ್ ತೆಗೆದು ರವಿಕೆಯೊಳಗೆ ಇಟ್ಟುಕೊಂಡಳು. ಅದು ಅವಳದು. ಹಿಟ್ಟಿನ ಬಕೆಟ್ಟು ಎಳೆದುಕೊಂಡು, ಹಲಗೆಯ ಈಚೆ, ಗಿರಾಕಿಗಳ ಕಡೆ, ಮುಚ್ಚಳದ ಮೇಲೆ ಕೂತಳು. ಕೈ ಕಟ್ಟಿದಳು.

"ಎಬೆರೆನ ವಾಪಸ್ ಕರೆಸಾಕ ನಿಮ್ಮ ಕೈಲಿ ಆಗಾಂಗಿಲ್ಲ. ಅದು ನನಗ ಗೊತ್ತು. ಹಲಗಿ ತೆಗಿಯಾಕ ಆಗತೈತಿ. ಇಲ್ಲಾ ಟಿಕೇಟ್ ತರ್ರಿ. ಎರಡರಾಗ ಒಂದು."

ಹತ್ತು ಗಂಟೆಗೆ ಶಟರ್ ಏರಿತು. ಸನದ್‌ನಲ್ಲಿ ತಿಂದವರು, ತಿಂದವರಿಂದ ಕೇಳಿದವರು, ಹತ್ತೂಕಾಲಕ್ಕೆ ಹದಿನೇಳು ಜನ ನಿಂತಿದ್ದರು. ಬಕೆಟ್ಟಿನ ಹಿಟ್ಟು ಮುಚ್ಚಳವನ್ನು ಒಳಗಿನಿಂದ ಮೆಲ್ಲಗೆ ಎತ್ತುತ್ತಿತ್ತು. ಅವಳಿಗೆ ಅದು ಕೆಳಗಿನಿಂದ ಗೊತ್ತಾಗುತ್ತಿತ್ತು. ಇನ್ನು ಒಂದು ಗಂಟೆ, ಆಮೇಲೆ ಹುಳಿ.

ಹತ್ತೂವರೆಗೆ ಹರಿನಾಥ ಸ್ಕ್ರೂಡ್ರೈವರ್ ತಂದರು. ಆರನೇ ಸ್ಕ್ರೂ ತಲೆ ಸವೆದು ತಿರುಗಲಿಲ್ಲ. "ಇದೊಂದು ಇರ್ಲಿ. ಹಲಗೆ ಓರೆ ಮಾಡ್ತೆ, ಅರ್ಧ ಕಾಣ್ತಿ," ಎಂದರು.

ಜೂಲಿಯಾನಾ ಏಳಲಿಲ್ಲ. ಅನೂಪ್ ಹೋಗಿ ಇಕ್ಕಳ ತಂದ.

ಹಲಗೆ ಕೆಳಗಿಳಿಯಿತು. ಅವಳು ಕಾವಲಿ ಹಚ್ಚಿದಳು. ಹರಿನಾಥ ಅಲ್ಲೇ ನಿಂತಿದ್ದರು. ಸೋತದ್ದನ್ನು ವ್ಯಾಪಾರ ಮಾಡುವುದು ಹೇಗೆಂದು ಅವರ ತಲೆ ಆಗಲೇ ಓಡತೊಡಗಿತ್ತು. ಒಂದು ಬಿಳಿ ರಟ್ಟು, ಮಾರ್ಕರ್ ತೆಗೆದರು.

"ಗಾಜಿನ ಮೇಲೆ ಬೋರ್ಡು ಹಾಕುವಾ. ನಿನ್ನ ಹೆಸರು, ಅದರ ಕೆಳಗೆ ಎರಡು ಸಾಲು. ಕಾಡಿನ ಮೂಲನಿವಾಸಿ, ಆಫ್ರಿಕಾದಿಂದ ನಾನೂರು ವರ್ಷದ ಹಿಂದೆ ಅಂತ ಎಂತಾದ್ರೂ. ಜನ ಓದ್ತಾರೆ."

"ಹೆಸರು ಬರೀರಿ."

ಅವರು ಬರೆದರು. ಜೂಲಿಯಾನಾ ಸಿದ್ದಿ.

"ಕೆಳಗೆ ಎಂತ ಬರೀಲಿ?"

ಅವಳು ಮೊದಲ ದೋಸೆ ಹುಯ್ದಳು. ಗಾಜಿನ ಆಚೆ ಹದಿನೇಳು ಮುಖ.

"ಬೆಳಗ್ಗೆ ಹತ್ತರಿಂದ ಸಂಜೆ ಆರರ ತನಕ."